ಕುಡಿ ಚಿವುಟಿದ ಪುಂಡಿ

ನಮ್ಮಲ್ಲಿ ಪುಂಡಿಯನ್ನು ಎರಡು ಕಡೆ ಬಿತ್ತುತ್ತಾರೆ. ಮನೆಯ ಸುತ್ತಿನ ತಟ್ಟಿಬೇಲಿಗೆ ಒತ್ತಿಕೊಂಡದ್ದು ಬಾಯಿಗೆ, ಸಜ್ಜೆ ಹೊಲದ ಅಂಚಿನದ್ದು ಹಗ್ಗಕ್ಕೆ. ಬಾಯಿಯ ಪುಂಡಿಯ ಕುಡಿಯನ್ನು ಎಷ್ಟು ಚಿವುಟಿದರೂ ತಪ್ಪಿಲ್ಲ, ಅದು ಕವಲೊಡೆದು ಮತ್ತೆ ಚಿಗುರುತ್ತದೆ. ಹಗ್ಗದ ಪುಂಡಿಗೆ ಮಾತ್ರ ಕೈ ಹಚ್ಚಬಾರದು. ಅದು ಒತ್ತೊತ್ತಾಗಿ ನಿಂತು, ಬೆಳಕಿಗಾಗಿ ಒಂದನ್ನೊಂದು ನೂಕುತ್ತ, ಒಂದೇ ಕೋಲಾಗಿ ಆಳೆತ್ತರ ದಾಟಬೇಕು. ಕುಡಿ ಮುರಿದಲ್ಲಿ ಕವಲು ಬರುತ್ತದೆ, ಕವಲು ಬಂದಲ್ಲಿ ಗಿಣ್ಣು, ಗಿಣ್ಣಿದ್ದಲ್ಲಿ ನಾರು ತುಂಡು. ಮೇಕೆ ಕಾಯುವ ಮಕ್ಕಳಿಗೂ ಇದು ಗೊತ್ತು.

ಆ ಮಳೆಗಾಲದಲ್ಲಿ ತಟ್ಟಿಯ ಪಕ್ಕದ ಪುಂಡಿಗೆ ಹುಳು ಬಿದ್ದು ಎಲೆಯೆಲ್ಲ ಜರಡಿಯಾಯಿತು. ನಮ್ಮ ಅತ್ತೆ ಡೇಲು ಸೌದೆಯ ನೆಪದಲ್ಲಿ ಸಂಜೆ ಹೊಲದ ಕಡೆ ಹೋಗಿಬರತೊಡಗಿದರು. ಬರುವಾಗ ತಲೆಯ ಮೇಲೆ ಸೌದೆ ಕಡಿಮೆ, ಮಡಿಲು ಭಾರ. ಮಡಿಲ ತುಂಬ ಹಗ್ಗದ ಪುಂಡಿಯ ಎಳೆಯ ಕುಡಿಗಳು. ಅವನ್ನು ಬೇಯಿಸಿ, ನೀರು ಬಸಿದು, ಕುಟ್ಟಿದ ಶೇಂಗಾ ಹಿಂಡಿ, ಉಪ್ಪು, ಈರುಳ್ಳಿ ಸೇರಿಸಿ ಕಲಸುತ್ತಿದ್ದರು. ಚಿಕ್ಕದೊಂದು ಸೋರೆಬುರುಡೆಗೆ ತುಂಬಿ, ನನ್ನ ಮುಖ ನೋಡದೆ ನೆಲದ ಮೇಲೆ ನನ್ನ ಕಡೆಗೆ ಸರಿಸುತ್ತಿದ್ದರು.

"ಆ ಮನುಷ್ಯನ ಮುಂದೆ ಇಡು. ನೀನೇ ಮಾಡಿದ್ದು ಅನ್ನು."

ಆ ಮನುಷ್ಯ ಎಂದರೆ ನನ್ನ ಗಂಡ, ಅತ್ತೆಯ ಚೊಚ್ಚಲ ಮಗ. ಚೊಚ್ಚಲ ಮಗುವಿನ ಹೆಸರನ್ನು ತಾಯಿ ಬಾಯಲ್ಲಿ ತರುವುದಿಲ್ಲ. ಜನರೆದುರು ಎತ್ತಿಕೊಳ್ಳುವುದಿಲ್ಲ. ಅದು ಅತ್ತರೂ ಕಿವಿ ಕೇಳದವಳ ಹಾಗೆ ಕುಳಿತಿರುತ್ತಾಳೆ. ನಾಚಿಕೆ ಇರುವ ಹೆಂಗಸು ಎಂದರೆ ಹಾಗೆ. ನಮ್ಮ ಮನೆಯವರಿಗೆ ಹಾಲು ಬಿಡಿಸಿದ ಕೂಡಲೇ ಅಜ್ಜಿ ಬಂದು ಎತ್ತಿಕೊಂಡು ಹೋಗಿದ್ದಳಂತೆ. ತಂದೆ ತೀರಿಕೊಂಡ ಮೇಲೆ, ಮೀಸೆ ಬಂದ ಗಂಡಸಾಗಿ ಅವರು ಮನೆಗೆ ಮರಳಿದರು. ಅಂದಿನಿಂದ ತಾಯಿ ಮಗ ಒಂದೇ ಅಂಗಳದಲ್ಲಿದ್ದರು. ಎದುರಾದರೆ ಅತ್ತೆ ಮುಸುಕು ಎಳೆದುಕೊಂಡು ದಾರಿ ಬಿಡುತ್ತಿದ್ದರು. ಹೇಳುವುದೇನಾದರೂ ಇದ್ದರೆ ನನಗೋ ಮೇಕೆಗೋ ಹೇಳುತ್ತಿದ್ದರು, ಮಗ ಕೇಳಿಸಿಕೊಳ್ಳುತ್ತಿದ್ದರು. ನಾನಂತೂ ಗಂಡನ ಹೆಸರು ಹೇಳುವ ಹಾಗಿಲ್ಲ. ಹೀಗಾಗಿ ನಮ್ಮ ತಟ್ಟಿಯೊಳಗೆ ಆ ಹೆಸರನ್ನು ಯಾರೂ ಕರೆದದ್ದೇ ಇಲ್ಲ.

ನಾನು ಬುರುಡೆ ಇಟ್ಟರೆ ಅವರು ಬಳಿದು ಬಳಿದು ತಿನ್ನುತ್ತಿದ್ದರು. ಯಾರು ಮಾಡಿದ್ದು, ಎಲ್ಲಿಯ ಕುಡಿ ಎಂದು ಒಂದು ದಿನವೂ ಕೇಳಲಿಲ್ಲ. ಗೋಡೆಯ ಆಚೆ ಅತ್ತೆ ಒನಕೆಯನ್ನು ನಿಲ್ಲಿಸಿ ನಿಂತಿರುತ್ತಿದ್ದರು. ಬುರುಡೆ ನೆಲಕ್ಕಿಟ್ಟ ಸದ್ದು ಕೇಳಿದ ಮೇಲೆ ಮತ್ತೆ ಕುಟ್ಟುತ್ತಿದ್ದರು.

ಮಳೆ ಮುಗಿದ ಮೇಲೆ ಎಂದಿನಂತೆ ಪುಂಡಿ ಕಿತ್ತು, ಕಟ್ಟು ಕಟ್ಟಿ ಹೊಂಡದಲ್ಲಿ ಕೊಳೆ ಹಾಕಿ, ನಾರು ಸುಲಿದು ತೊಳೆದು ಒಣಗಿಸಿದೆವು. ಬೇರೆಯವರು ತಮ್ಮದನ್ನು ಸಂತೆಗೆ ಹಾಕಿದರು. ನಮ್ಮದನ್ನು ಬಾವಿಗೆ ಹೊಸ ಹಗ್ಗ ಹೊಸೆಯಲೆಂದು ಮನೆಯವರು ಕಣಜದ ಗಳಕ್ಕೆ ನೇತುಹಾಕಿದರು. ಇಂದು ನಾಳೆ ಎನ್ನುತ್ತ ಅದು ಅಲ್ಲೇ ಉಳಿಯಿತು.

ಚಳಿಯ ಧೂಳುಗಾಳಿ ನಿಂತು ಬಿಸಿಲು ಬಲಿತಾಗ ಹುಣಸೆಮರದ ಬಾವಿಯ ನೀರು ತಳ ಕಂಡಿತು. ತೊಗಲ ಚೀಲ ಕೆಸರನ್ನೇ ಕೆರೆದು ತರುತ್ತಿತ್ತು. ಪ್ರತಿ ವರ್ಷ ಹೂಳೆತ್ತಲು ಇಳಿಯುತ್ತಿದ್ದವರು ನಮ್ಮ ಮನೆಯವರೇ. ಆ ಬೆಳಗ್ಗೆಯೂ ಇಳಿದರು. ಮೇಲೆ ಹಗ್ಗ ಹಿಡಿದವನು ಡನ್ಲಾಮಿ, ಅತ್ತೆಯ ಅಣ್ಣನ ಮಗ. ಸೋದರತ್ತೆಯ ಮಗನೂ ಸೋದರಮಾವನ ಮಗನೂ ಎದುರಾದಾಗ ಬೈದಾಡದಿದ್ದರೆ ನಮ್ಮಲ್ಲಿ ಏನೋ ಜಗಳ ಆಗಿದೆ ಎಂದು ಊರು ತಿಳಿಯುತ್ತದೆ. ಅವರಿಬ್ಬರ ಮೇಲೆ ಆ ಅನುಮಾನ ಯಾರಿಗೂ ಯಾವತ್ತೂ ಬಂದಿರಲಿಲ್ಲ.

"ಏ ಆಳೇ, ಬೇಗ ಇಳಿಯೋ! ನಿನ್ನ ದಣಿ ಬಿಸಿಲಲ್ಲಿ ನಿಂತಿದ್ದಾನೆ."

"ದಣಿಯಂತೆ ದಣಿ! ನಿಮ್ಮಪ್ಪ ಒಂದು ಬುರುಡೆ ಮಜ್ಜಿಗೆಗೆ ನಿನ್ನ ನಮ್ಮನೆಗೆ ಕೊಟ್ಟಿದ್ದು ಮರೆತುಹೋಯ್ತಾ? ಹಗ್ಗ ಸರಿಯಾಗಿ ಹಿಡಿ."

"ಹಿಡೀತೀನಿ ಹಿಡೀತೀನಿ. ನೀನು ಸತ್ತರೆ ಈ ಚಪ್ಪಲಿ ನನಗೆ."

"ನಿನ್ನದು ಕತ್ತೆ ಕಾಲು. ಅದಕ್ಕೆ ಚಪ್ಪಲಿ ಹಿಡಿಸಲ್ಲ, ಲಾಳ ಹೊಡೆಸ್ಕೋ."

ಹುಣಸೆಯ ನೆರಳಲ್ಲಿ ಕೊಡಗಳ ಜೊತೆ ಕುಳಿತಿದ್ದ ನಾವು ಹೆಂಗಸರು ನಕ್ಕೆವು. ಪಕ್ಕದ ಮನೆಯ ತಲ್ಲೆ ನನ್ನ ಪಕ್ಕೆ ತಿವಿದು, "ನೋಡು, ನಿನ್ನ ಗಂಡನಿಗೆ ಮಾತು ಬರುತ್ತೆ. ಮನೇಲಿ ಯಾಕೆ ಮೂಗ ಆಗ್ತಾನೆ? ನೀನೇನಾದ್ರೂ ಬಾಯಿಗೆ ಬಟ್ಟೆ ತುರುಕ್ತೀಯಾ?" ಎಂದಳು. ನಾನು ಮುಸುಕಿನಲ್ಲಿ ಮುಖ ಮುಚ್ಚಿಕೊಂಡೆ. ಅತ್ತೆ ಸ್ವಲ್ಪ ದೂರದಲ್ಲಿ ಬಾವಿಗೆ ಬೆನ್ನು ಮಾಡಿ ಕುಳಿತಿದ್ದರು.

ಕೆಸರಿನ ಚೀಲಗಳು ಒಂದರ ಹಿಂದೊಂದು ಮೇಲೆ ಬಂದವು. ಆಮೇಲೆ ಒಂದು ಸದ್ದು. ದೊಡ್ಡದೇನಲ್ಲ, ಮೂಟೆಯಿಂದ ಕಾಳು ಸುರಿದ ಹಾಗೆ. ಡನ್ಲಾಮಿಯ ಕೈಯ ಹಗ್ಗ ನೆಟ್ಟಗಾಯಿತು.

"ಲಾವಲಿ!" ಎಂದ. ಬೈಗುಳವಿಲ್ಲದೆ ಬರಿಯ ಹೆಸರು.

ಬಾವಿಯ ಗೋಡೆಯ ಕೆಳಗಿನ ಅರ್ಧ ಬರಿಯ ಮರಳು. ಅದನ್ನು ತಡೆದು ನಿಂತಿದ್ದ ಕೊಂಬೆಯ ಹೆಣಿಗೆ ಹಿಂದಿನಿಂದ ಕೊಳೆತಿತ್ತು, ಯಾರಿಗೂ ಕಂಡಿರಲಿಲ್ಲ. ಹೆಣಿಗೆ ಕಳಚಿ ಮರಳು ಒಮ್ಮೆಗೇ ಜಾರಿ ಅವರನ್ನು ಸೊಂಟದವರೆಗೆ ಹೂತುಬಿಟ್ಟಿತ್ತು. ಕೈಗಳು ಹೊರಗಿದ್ದವು. ಮಾತು ಇತ್ತು.

"ಎಳೀಬೇಡ! ತೋಳು ಕಿತ್ತು ಬರುತ್ತೆ!" ಎಂದು ಕೆಳಗಿನಿಂದ ಕೂಗಿದರು.

ಗಂಡಸರು ಹೊಲಗಳಿಂದ ಓಡಿ ಬಂದರು. ಡನ್ಲಾಮಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ತಾನೇ ಇಳಿದ. ಅವನ ಕಾಲು ಪಕ್ಕದ ಗೋಡೆಗೆ ತಾಗಿದ್ದೇ ತಡ, ಮತ್ತೆ ಆ ಸದ್ದು. ಮೇಲೆಳೆದುಕೊಂಡಾಗ ಅವನ ತುಟಿ ಬೂದಿಯ ಬಣ್ಣವಾಗಿತ್ತು.

"ಎದೆವರೆಗೂ ಬಂತು," ಎಂದ. "ನಾನು ಇಳಿದಿದ್ದಕ್ಕೇ ಬಂತು. ಇನ್ನೊಬ್ಬ ಇಳಿದ್ರೆ ಮುಚ್ಚೇ ಹೋಗ್ತಾನೆ."

ಪೇಟೆಗೆ ಒಬ್ಬನನ್ನು ಸೈಕಲ್ ಕೊಟ್ಟು ಓಡಿಸಿದರು. ಸಂಜೆಯ ಒಳಗೆ ಅಲ್ಲಿಂದ ಯಾರೂ ಬರಲಾರರು ಎಂದು ಓಡಿಸಿದವರಿಗೂ ಗೊತ್ತಿತ್ತು, ಓಡಿದವನಿಗೂ ಗೊತ್ತಿತ್ತು.

ಆಗ ಗಾಂಬೊ ತಾತ ಬಂದರು. ಊರಿನ ಕತ್ತೆ, ಎತ್ತು, ಬಾವಿ, ಮಂಚ ಎಲ್ಲಕ್ಕೂ ಹಗ್ಗ ಹೊಸೆದುಕೊಟ್ಟವರು ಅವರೇ. ಡನ್ಲಾಮಿಯ ಕೈಯ ಹಗ್ಗವನ್ನು ಬೆರಳ ನಡುವೆ ಉಜ್ಜಿ ನೋಡಿ ಕೆಳಗೆ ಹಾಕಿದರು.

"ಇದು ಚೀಲ ಎತ್ತೋ ಹಗ್ಗ. ಮರಳು ಹಿಡಿದ ಮನುಷ್ಯನ್ನ ಕೀಳೋದಲ್ಲ. ಮೂರು ಹುರಿಯದ್ದು ಬೇಕು, ನನ್ನ ಮುಂಗೈ ದಪ್ಪ."

"ಎಲ್ಲಿದೆ ತಾತಾ?"

"ಎಲ್ಲೂ ಇಲ್ಲ. ಹೊಸೀಬೇಕು. ಯಾರ ಮನೇಲಿ ಏನು ನಾರಿದೆಯೋ ತಗೊಂಡು ಬನ್ನಿ. ಓಡಿ."

ಜನ ಓಡಿದರು. ಬಂದದ್ದು ಕಡಿಮೆ. ಮೇಕೆಯ ಕುಣಿಕೆ, ಹಳೆಯ ಜೋಲಿ, ಗಂಟು ಹಾಕಿದ ಚೂರುಪಾರು. ನಾನೂ ಅತ್ತೆಯೂ ಮನೆಗೆ ಹೋಗಿ ಗಳದಿಂದ ನಮ್ಮ ನಾರಿನ ಜಡೆಗಳನ್ನೆಲ್ಲ ಇಳಿಸಿದೆವು. ಅತ್ತೆ ಎರಡೂ ತೋಳಿನ ಮೇಲೆ ಹೊತ್ತುಕೊಂಡರು. ದಾರಿಯಲ್ಲಿ ಎಡವಿದರು, ಬೀಳಲಿಲ್ಲ.

ಗಾಂಬೊ ತಾತ ಮರದ ಬೇರಿನ ಮೇಲೆ ಕುಳಿತು ನಾರಿಗೆ ನೀರು ಚಿಮುಕಿಸಿ ಮೊದಲ ಜಡೆ ಬಿಚ್ಚಿದರು. ಮೂವರು ಗಂಡಸರು ಕೋಲಿಗೆ ಎಳೆ ಸಿಕ್ಕಿಸಿ ತಿರುಪಲು ನಿಂತರು. ತಾತ ತೊಡೆಯ ಮೇಲೆ ಒಂದು ಎಳೆ ಹೊಸೆದರು. ಇನ್ನೊಂದು ಹೊಸೆದರು. ಕೈ ನಿಂತಿತು. ಎಳೆಯನ್ನು ಬೆಳಕಿಗೆ ಹಿಡಿದರು.

"ಇದು ಯಾರ ಮನೇದು?"

"ಡೇಲುದು."

"ಡೇಲು ಹೊಲದ್ದಾ? ಇಷ್ಟು ವರ್ಷ ಊರಿಗೇ ಉದ್ದ ನಾರು ಅವಳದ್ದು. ಇದೇನಿದು, ಬಾಚದ ಹುಡುಗಿಯ ತಲೆ ಇದ್ದ ಹಾಗಿದೆ! ಇಲ್ಲೊಂದು ಗಿಣ್ಣು, ಇಲ್ಲೊಂದು, ಇಲ್ಲೊಂದು. ಎಳೆದರೆ ತುಂಡು ತುಂಡಾಗಿ ಬರ್ತಿದೆ." ತಾತ ತಲೆ ಎತ್ತಿದರು. "ಯಾರೋ ಕುಡಿ ಚಿವುಟಿದ್ದಾರೆ. ಹಗ್ಗದ ಪುಂಡೀನ ಪಲ್ಯ ಮಾಡ್ಕೊಂಡು ತಿಂದಿದ್ದಾರೆ. ಯಾರದು?"

ಎಲ್ಲರೂ ನಮ್ಮ ಕಡೆ ನೋಡಿದರು. ಅತ್ತೆ ಕೈಯಲ್ಲಿ ಒಂದು ಜಡೆ ಹಿಡಿದು ನಿಂತಿದ್ದರು. ನಾನು ಅವರ ಮುಖ ನೋಡಲಿಲ್ಲ, ಕೈ ನೋಡಿದೆ. ಹೆಬ್ಬೆರಳು ಜಡೆಯ ಒಂದು ಗಿಣ್ಣಿನ ಮೇಲೆ ಹೋಗಿ ಬರುತ್ತಿತ್ತು, ಹೋಗಿ ಬರುತ್ತಿತ್ತು. ಅವರು ಹೇಳಬೇಕಾದರೆ ಯಾರಿಗಾಗಿ ಚಿವುಟಿದೆ ಎಂದೂ ಹೇಳಬೇಕು. ಇಡೀ ಊರಿನ ಗಂಡಸರೆದುರು, ಚೊಚ್ಚಲ ಮಗನ ನಾಲಿಗೆಯ ರುಚಿಗಾಗಿ ಕದ್ದೆ ಎಂದು ಹೇಳಬೇಕು. ಬಾಯಿ ತೆರೆದರು. ಬಂದದ್ದು ಉಸಿರು ಮಾತ್ರ.

"ನಾನು," ಎಂದೆ.

ಗಂಡಸರ ಮುಂದೆ ನಾನು ಆಡಿದ ಮೊದಲ ಮಾತು ಅದು. ಯಾರಿಗೂ ಕೇಳಿಸಲಿಲ್ಲವೋ ಏನೋ ಎಂದು ಇನ್ನೊಮ್ಮೆ ಹೇಳಿದೆ.

"ಅಯ್ಯೋ ನಿನ್ನ ನಾಲಿಗೆಗೆ ಬೆಂಕಿ ಬೀಳ!" ತಲ್ಲೆ ಎದೆ ಬಡಿದುಕೊಂಡಳು. "ಬಾಯಲ್ಲಿ ಮಾತಿಲ್ಲ ಅಂತ ನಾವು ಅಂದ್ಕೊಂಡ್ರೆ, ತಿನ್ನೋಕೆ ಬೇಕಾದಷ್ಟು ಜಾಗ ಇಟ್ಕೊಂಡಿದ್ದೀಯಲ್ಲೇ! ಗಂಡನ ಹಗ್ಗಾನೇ ತಿಂದ್ಯಲ್ಲೇ!"

"ಸಾಕು ಬಿಡ್ರೇ," ಎಂದರು ತಾತ. "ಬೈಗುಳ ಉದ್ದ ಇದೆ ಅಂತ ಅದರಲ್ಲಿ ಹಗ್ಗ ಹೊಸೆಯೋಕಾಗಲ್ಲ. ಕೂತ್ಕೊಳ್ಳಿ ಎಲ್ಲ. ಗಿಣ್ಣು ಬಂದಲ್ಲೆಲ್ಲ ಕಿತ್ತು ಬಿಸಾಕಿ. ತುಂಡಾದ್ರೆ ಆಗಲಿ, ಒಂದರ ಬೆನ್ನ ಮೇಲೆ ಒಂದು ಹಾಸಿ ಹೊಸೀತೀನಿ."

ಕುಳಿತೆವು. ಅತ್ತೆ ನನ್ನ ಎದುರಿಗೆ. ಎಳೆ ಎಳೆಯಾಗಿ ಬೆರಳಾಡಿಸಿ, ಉಗುರಿಗೆ ಬಾರದ ಗಿಣ್ಣನ್ನು ಹಲ್ಲಿನಿಂದ ಕಡಿದು ಉಗುಳುತ್ತಿದ್ದರು. ನಮ್ಮ ಸುತ್ತ ಗಿಣ್ಣಿನ ರಾಶಿ ಬೆಳೆಯಿತು. ನಾರು ಸವೆಯುತ್ತಿತ್ತು. ಆಳುದ್ದ ಇರಬೇಕಾದ ಎಳೆಗಳು ಮೊಳದುದ್ದ ಆಗಿದ್ದವು.

ಡನ್ಲಾಮಿ ಬಾವಿಯ ಬಾಯಿಗೆ ಅಡ್ಡಲಾಗಿ ಹಾಕಿದ ಮರದ ಮೇಲೆ ಹೊಟ್ಟೆಯೂರಿ ಮಲಗಿದ್ದ. ಬೇರೆ ಯಾರೂ ಹತ್ತಿರ ಹೋಗಬಾರದು, ನೆಲ ಅದುರಬಾರದು ಎಂದು ತಾತ ಹೇಳಿದ್ದರು. ಅವನ ಮಾತು ನಿಲ್ಲುತ್ತಲೇ ಇರಲಿಲ್ಲ.

"ಆಳೇ, ನಿದ್ದೆ ಬಂತಾ? ಕೆಲಸ ಮಧ್ಯೆ ಬಿಟ್ಟು ತಂಪಲ್ಲಿ ಮಲಗಿದ್ದೀಯ. ಇವತ್ತಿನ ಮುದ್ದೆ ಇಲ್ಲ ನಿನಗೆ."

"ನಿನ್ನ... ಬಾಯಿ ವಾಸನೆ ಇಲ್ಲಿವರೆಗೂ ಬರ್ತಿದೆ."

"ಬರಲಿ. ಅದನ್ನೇ ಉಸಿರಾಡು. ನಿನಗೆ ಎಂಥಾ ಹಗ್ಗ ಮಾಡ್ತಿದ್ದಾರೆ ಗೊತ್ತಾ? ಸುಲ್ತಾನನ ಕುದುರೆಗೂ ಇಲ್ಲ ಅಂಥಾದ್ದು. ಮೇಲೆ ಬಂದ ಮೇಲೆ ಅದರಲ್ಲೇ ನಿನ್ನ ಕಟ್ಟಿ ಹಾಕ್ತೀನಿ."

ಕೆಳಗಿನಿಂದ ನಗೆಯೋ ಕೆಮ್ಮೋ ಬಂತು. ಮಾತಿಗೂ ಮಾತಿಗೂ ನಡುವೆ ಅಂತರ ಹೆಚ್ಚುತ್ತಿತ್ತು. ಮರಳು ಎದೆಯನ್ನು ಬಿಗಿದು, ಉಸಿರು ಬಿಟ್ಟಾಗ ಇನ್ನಷ್ಟು ಬಿಗಿಯುತ್ತದೆ, ಮತ್ತೆ ಎಳೆದುಕೊಳ್ಳಲು ಜಾಗ ಕೊಡುವುದಿಲ್ಲ ಎಂದು ಆಮೇಲೆ ಯಾರೋ ಹೇಳಿದರು. ಆಗ ನಮಗೆ ಗೊತ್ತಿರಲಿಲ್ಲ. ಆಯಾಸವಾಗಿದೆ ಎಂದುಕೊಂಡೆವು.

ಬಿಸಿಲು ನೆತ್ತಿಯ ಮೇಲೆ ಬಂದಿತ್ತು. ಮೂರನೆಯ ಹುರಿ ಇನ್ನೂ ಅರ್ಧವಾಗಿರಲಿಲ್ಲ.

"ಡನ್ಲಾಮಿ," ಎಂದು ಕೆಳಗಿನಿಂದ ಬಂತು. "ನಮ್ಮವ್ವ... ಅಲ್ಲಿದ್ದಾಳಾ?"

ಡನ್ಲಾಮಿ ತಲೆ ತಿರುಗಿಸಿ ಅತ್ತೆಯನ್ನು ನೋಡಿದ. ತಿರುಪುವವರ ಕೋಲು ನಿಂತವು. ಅತ್ತೆ ಹಲ್ಲಿನಲ್ಲಿದ್ದ ಎಳೆಯನ್ನು ತೆಗೆಯಲೂ ಇಲ್ಲ.

"ಅತ್ತೆ," ಎಂದ ಡನ್ಲಾಮಿ ಮೆಲ್ಲಗೆ. "ಒಂದ್ಸಲ ಕರೀರಿ. ಕಣ್ಣು ಮುಚ್ತಿದ್ದಾನೆ. ನಿಮ್ಮ ಧ್ವನಿ ಕೇಳಿದ್ರೆ ಎಚ್ಚರ ಇರ್ತಾನೆ."

ಅತ್ತೆ ಎಳೆಯನ್ನು ಇನ್ನೂ ಬಿಗಿಯಾಗಿ ಕಚ್ಚಿದರು.

"ಡೇಲು, ತಂಗೀ," ಎಂದರು ಗಾಂಬೊ ತಾತ ತಲೆ ಎತ್ತದೆ. "ನಾಚಿಕೆ ಇವತ್ತೊಂದು ದಿನ ಮೂಲೇಲಿ ಕೂತಿರಲಿ. ನಾವ್ಯಾರೂ ಕೇಳಿಸ್ಕೊಳ್ಳಲ್ಲ. ಹೆಸರು ಹಿಡಿದು ಕರಿ."

ಅತ್ತೆ ಎದ್ದರು. ಮುಸುಕು ಸರಿಪಡಿಸಿಕೊಂಡರು. ಬಾವಿಯ ಕಡೆಗೆ ಹೋಗಿ, ಹೋಗಬಹುದಾದಷ್ಟು ಹತ್ತಿರ ಹೋಗಿ ನಿಂತರು. ಆ ಹೆಸರು ಎಂದೂ ಆ ಬಾಯಿಗೆ ಬಂದದ್ದಲ್ಲ, ನಾಲಿಗೆಗೆ ಅದರ ದಾರಿಯೇ ಗೊತ್ತಿರಲಿಲ್ಲ. ನಾವು ಕಾದೆವು. ಒಂದು ಮೇಕೆ ಬಂದು ನಾರಿನ ತುಂಡನ್ನು ಮೂಸಿತು, ಯಾರೂ ಓಡಿಸಲಿಲ್ಲ.

"ಡನ್ಲಾಮಿ," ಎಂದರು ಅತ್ತೆ ಕೊನೆಗೆ, ಜೋರಾಗಿ, ಗದರಿಸುವ ಹಾಗೆ. "ಆ ಮನುಷ್ಯನಿಗೆ ಬಾಯಿ ಮುಚ್ಕೊಂಡು ಮೂಗಲ್ಲಿ ಉಸಿರಾಡು ಅನ್ನು. ಬಾಯಿ ಬಿಟ್ರೆ ಮರಳು ಹೋಗುತ್ತೆ."

ಸ್ವಲ್ಪ ಹೊತ್ತಾದ ಮೇಲೆ ಕೆಳಗಿನಿಂದ ಬಂತು:

"ಕೇಳಿಸ್ತು... ಅನ್ನು."

ಅತ್ತೆ ಬಂದು ನನ್ನ ಎದುರು ಕುಳಿತು ಎಳೆಯನ್ನು ಮತ್ತೆ ಹಲ್ಲಿಗೆ ಕೊಟ್ಟರು. ಅವರ ತುಟಿಯಿಂದ ರಕ್ತ ಬರುತ್ತಿತ್ತು. ನಾನು ನನ್ನ ಮುಸುಕಿನ ಅಂಚು ಚಾಚಿದೆ. ಬೇಡವೆಂದು ತಲೆಯಾಡಿಸಿದರು.

ಹಗ್ಗ ಮುಗಿದಾಗ ನೆರಳು ಮರದ ಇನ್ನೊಂದು ಬದಿಗೆ ಹೋಗಿತ್ತು. ಮುಂಗೈ ದಪ್ಪವೇ ಇತ್ತು. ಆದರೆ ಅದರ ಮೈಯೆಲ್ಲ ಮುಳ್ಳು ಎದ್ದ ಹಾಗೆ ತುಂಡು ಎಳೆಗಳ ತುದಿ ನಿಂತಿತ್ತು. ತಾತ ಒಂದು ತುದಿಯನ್ನು ಹುಣಸೆಗೆ ಸುತ್ತಿಸಿ ಗಂಡಸರಿಂದ ಜಗ್ಗಿಸಿ ನೋಡಿದರು. ಕಿರುಗುಟ್ಟಿತು, ಹಿಡಿಯಿತು. ಆಮೇಲೆ ಕುಣಿಕೆ ಹಾಕಿ ಡನ್ಲಾಮಿಗೆ ಕೊಟ್ಟರು.

ಕೆಳಗೆ ಬಿಟ್ಟರು. ಮೊದಲ ಸಲ ಅದು ಅವರ ಕೈಗೆ ಸಿಗಲಿಲ್ಲ. ಎರಡನೆಯ ಸಲ ಸಿಕ್ಕಿತು. ಕುಣಿಕೆಯನ್ನು ಕಂಕುಳ ಕೆಳಗೆ ತುರುಕಿಕೊಳ್ಳಲು ಅವರು ಬೆರಳಿನಿಂದ ಮರಳು ಬಗೆಯುವುದನ್ನು ಡನ್ಲಾಮಿ ಮೇಲಿನಿಂದ ಹೇಳುತ್ತಿದ್ದ. "ಹಾ, ಹಾಗೆ. ಇನ್ನೊಂದು ಕೈ. ಭೇಷ್ ಆಳೇ. ಆಯ್ತಾ?"

"ಆಯ್ತು."

ಬಿಸ್ಮಿಲ್ಲಾ ಎಂದು ಸಾಲಾಗಿ ನಿಂತ ಗಂಡಸರು ಎಳೆದರು. ಹಗ್ಗ ಬಿಗಿದು ನೀರು ಸೂಸಿತು. ಕೆಳಗಿನಿಂದ ಒಂದು ಕೂಗು. ಆ ಕೂಗಿಗೆ ಅವರು ನಿಲ್ಲಿಸಿದರು. "ನಿಲ್ಲಿಸಬೇಡಿ! ಬರ್ತಿದ್ದಾನೆ! ಒಂದು ಗೇಣು ಬಂದ!" ಎಂದ ಡನ್ಲಾಮಿ. ಮತ್ತೆ ಎಳೆದರು. ನಾನು ಹಗ್ಗವನ್ನೇ ನೋಡುತ್ತಿದ್ದೆ. ಎಳೆಗಳ ತುದಿಗಳು ಒಂದೊಂದಾಗಿ ಹೊರಳಿ ಹೊರಬರುತ್ತಿದ್ದವು, ಹಿಡಿ ಬಿಡಿಸಿಕೊಳ್ಳುವ ಬೆರಳುಗಳ ಹಾಗೆ.

ಆಮೇಲೆ ಗಂಡಸರೆಲ್ಲ ಒಬ್ಬರ ಮೇಲೊಬ್ಬರು ಹಿಂದಕ್ಕೆ ಬಿದ್ದರು.

ಮೇಲೆ ಬಂದ ತುದಿ ಕಸಬರಿಗೆಯಾಗಿತ್ತು. ಬಾವಿಯೊಳಗೆ ಮತ್ತೆ ಆ ಕಾಳು ಸುರಿದ ಸದ್ದು, ಈ ಸಲ ತುಂಬ ಹೊತ್ತು. ಡನ್ಲಾಮಿ ಕೆಳಗೆ ನೋಡುತ್ತಲೇ ಇದ್ದ. ಅವನು ಏನಾದರೂ ಬೈಯಲಿ ಎಂದು ನಾನು ಕಾದೆ. ಇಡೀ ಊರೇ ಕಾದಿತ್ತು.

"ಅಣ್ಣಾ," ಎಂದ ಡನ್ಲಾಮಿ. "ಅಣ್ಣಾ, ತಪ್ಪು ಮಾಡಿದ್ರೆ ಹೊಟ್ಟೇಗೆ ಹಾಕ್ಕೋ."

ಹೆಂಗಸರು ಆಗ ಅಳತೊಡಗಿದರು.

ಸಂಜೆಗೆ ಪೇಟೆಯವರು ಕಬ್ಬಿಣದ ಸರಪಳಿ, ಬ್ಯಾಟರಿ ದೀಪ ತಂದರು. ದೀಪ ಬಿಟ್ಟು ನೋಡಿದರು. ಮರಳು ಮಾತ್ರ ಕಾಣುತ್ತಿತ್ತು. ತೆಗೆಯಲು ಹೋದರೆ ಇನ್ನಿಬ್ಬರು ಹೋಗುತ್ತಾರೆ ಎಂದರು. ಇಮಾಮರು ಬಾವಿಯ ಪಕ್ಕದಲ್ಲೇ ಗಂಡಸರನ್ನು ಸಾಲು ನಿಲ್ಲಿಸಿ ನಮಾಜು ಮಾಡಿಸಿದರು. ಬಾವಿಯನ್ನು ತುಂಬಿಸಿದರು. ಗಾಂಬೊ ತಾತ ಮನೆಯ ತಟ್ಟಿಯವರೆಗೂ ಬಂದು ಹೊರಗಿನಿಂದಲೇ ಅತ್ತೆಗೆ ಹೇಳಿದರು: "ಡೇಲು, ಸರಪಳಿ ಇದ್ದಿದ್ರೂ ಹೀಗೇ ಆಗ್ತಿತ್ತು. ಮರಳಿನ ಹಿಡಿತ ಅಂಥಾದ್ದು." ತಾತ ಇನ್ನೊಂದು ಸಲ ಅದನ್ನೇ ಹೇಳಿ ಹೊರಟುಹೋದರು. ಅದು ನಿಜವೋ, ನಮ್ಮ ಸಮಾಧಾನಕ್ಕೆ ಹೇಳಿದ್ದೋ ನನಗೆ ಇಂದಿಗೂ ತಿಳಿಯದು.

ಸೂತಕದ ದಿನಗಳಲ್ಲಿ ಹೆಂಗಸರು ಚಾಪೆ ತುಂಬ ಬಂದು ಕೂರುತ್ತಿದ್ದರು. ನಾನು ಗಂಡ ಸತ್ತವಳು, ಒಳಗೆ ಗೋಡೆಗೊರಗಿ ಕೂತಿರಬೇಕು. ಅವರ ಮಾತು ತಟ್ಟಿಯ ಸಂದಿಯಿಂದ ಬರುತ್ತಿತ್ತು.

"ಡೇಲು ಅಂದ್ರೆ ಹೆಂಗಸು ಕಣ್ರೇ. ಒಂದು ಹನಿ ಕಣ್ಣೀರು ನೋಡಿದ್ರಾ? ಚೊಚ್ಚಲು ಮಣ್ಣಾದ್ರೂ ಹೆಸರು ಬಾಯಿಗೆ ಬರಲಿಲ್ಲ."

"ನಮ್ಮ ಕಾಲದವರು ಹಾಗೆ. ಈಗಿನವರಿಗೆ ಎಲ್ಲಿದೆ ನಾಚಿಕೆ?"

"ಈಗಿನವರ ವಿಷಯ ಎತ್ತಬೇಡಿ. ಒಳಗೆ ಕೂತಿದೆಯಲ್ಲ ಒಂದು," ಇದು ತಲ್ಲೆ. "ಪುಂಡಿ ಕುಡಿಗೆ ಬಾಯಿ ಚಪ್ಪರಿಸ್ಕೊಂಡು ಗಂಡನ್ನ ಬಾವಿಗೆ ಹಾಕ್ತು."

"ಬಸುರಿಯಾಗಿದ್ದಳೇನೋ, ಬಯಕೆ ಇದ್ದಿರಬೇಕು."

"ಎಲ್ಲಿಯ ಬಸುರು! ಅದೂ ಇಲ್ಲ."

ಸಂದಿಯಿಂದ ಅತ್ತೆಯ ಅರ್ಧ ಮುಖ ಕಾಣುತ್ತಿತ್ತು. ಒಂದು ಸಲ ಅವರು ಏನೋ ಹೇಳಲು ಮುಂದಕ್ಕೆ ಬಾಗಿದರು. "ತಲ್ಲೆ," ಎಂದರು. ಎಲ್ಲರೂ ಸುಮ್ಮನಾಗಿ ಅವರತ್ತ ತಿರುಗಿದರು, ಎಂಥ ಗೌರವದಿಂದ ತಿರುಗಿದರು! ಅತ್ತೆ ಆ ಮುಖಗಳನ್ನು ಒಂದೊಂದಾಗಿ ನೋಡಿದರು. "ತಲ್ಲೆ, ನೀರು ಕುಡೀತೀಯಾ?" ಎಂದರು.

ನನಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತೇನೋ. ಅವರು ಹೇಳಿದ್ದರೂ ಯಾರು ನಂಬುತ್ತಿದ್ದರು? ಸೊಸೆಯನ್ನು ಉಳಿಸಲು ಹೇಳುತ್ತಿದ್ದಾಳೆ, ಎಷ್ಟು ದೊಡ್ಡ ಮನಸ್ಸು ಎಂದು ಅದಕ್ಕೂ ಹೊಗಳುತ್ತಿದ್ದರು.

ಬರುವವರು ಕಡಿಮೆಯಾದ ಮೇಲೆ ಒಂದು ಮಧ್ಯಾಹ್ನ ಅತ್ತೆ ಒಳಗೆ ಬಂದರು. ಸಜ್ಜೆಯ ಉಂಡೆಯನ್ನು ಮಜ್ಜಿಗೆಯಲ್ಲಿ ಕದಡಿ ತಂದಿದ್ದರು. ನನ್ನ ಮುಂದೆ ಇಟ್ಟರು, ಎಂದಿನಂತೆ ಹೊರಟುಹೋಗಲಿಲ್ಲ. ಬಾಗಿಲು ನೋಡಿದರು, ಹೊರಗೆ ಯಾರೂ ಇರಲಿಲ್ಲ. ನನ್ನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕುಳಿತರು.

"ಅವನು ನಿನ್ನ ಹತ್ತಿರ ಮಾತಾಡ್ತಿದ್ದನಲ್ಲ," ಎಂದರು. "ಒಳಗೆ, ನೀವಿಬ್ಬರೇ ಇದ್ದಾಗ. ಏನು ಮಾತಾಡ್ತಿದ್ದ?"

ನಾನು ಗಾಬರಿಯಾದೆ. ಅವರು ಹಾಗೆ ನೇರವಾಗಿ ಕೇಳಿದ್ದು ಎಂದೂ ಇರಲಿಲ್ಲ.

"ಹೇಳು. ನನಗೆ ಅವನ ಮಾತು ಗೋಡೆಯಾಚೆ ಕೇಳಿದ್ದು ಬಿಟ್ಟರೆ ಗೊತ್ತಿಲ್ಲ. ಏನಾದ್ರೂ ಹೇಳು."

"ಈ ವರ್ಷ ತಟ್ಟಿ ಹೊಸದು ಕಟ್ಟಬೇಕು ಅಂತಿದ್ದರು," ಎಂದೆ.

"ಆಮೇಲೆ?"

"ಕುಂಟ ಮೇಕೇನ ಮಾರೋದು ಬೇಡ ಅಂತಿದ್ದರು."

"ಯಾಕಂತೆ?"

"ಯಾಕೆ ಅಂತ ಹೇಳಲಿಲ್ಲ."

"ಆಮೇಲೆ?"

ನಾನು ಹುಡುಕಿದೆ. ಬೆನ್ನು ನೋಯುತ್ತೆ ಎಂದದ್ದು, ಧೂಳುಗಾಳಿ ಬೇಗ ನಿಂತಿತು ಎಂದದ್ದು, ಒಮ್ಮೆ ಕನಸಿನಲ್ಲಿ ಯಾರಿಗೋ ದಾರಿ ಹೇಳಿದ್ದು. ಒಂದೊಂದನ್ನೂ ಹೇಳಿದೆ. ಅತ್ತೆ ಒಂದೊಂದಕ್ಕೂ ತಲೆಯಾಡಿಸಿ, ತುಟಿಯಲ್ಲೇ ಅದನ್ನು ಮತ್ತೊಮ್ಮೆ ಅನ್ನುತ್ತಿದ್ದರು. ಆಮೇಲೆ ನನ್ನಲ್ಲಿ ಮುಗಿದುಹೋಯಿತು. ನಮ್ಮ ಮನೆಯವರು ಮಾತು ಕಡಿಮೆಯವರು, ನಾನು ಅವರಿಗಿಂತ ಕಡಿಮೆಯವಳು. ಸಂಜೆ ಬಂದು ಉಣ್ಣುತ್ತಿದ್ದರು, ಮಲಗುತ್ತಿದ್ದರು. ಇಷ್ಟು ಬೇಗ ಕೇಳುವವರು ಬರುತ್ತಾರೆ ಎಂದು ಗೊತ್ತಿದ್ದರೆ ನಾನೂ ಏನಾದರೂ ಕೇಳಿ ಇಟ್ಟುಕೊಳ್ಳುತ್ತಿದ್ದೆ. ಇಲ್ಲದ್ದನ್ನು ಕಟ್ಟಿ ಹೇಳಲು ನನಗೆ ಬರುವುದಿಲ್ಲ.

"ಆಮೇಲೆ?" ಎಂದರು ಅತ್ತೆ.

ಮಜ್ಜಿಗೆಯ ಮೇಲೆ ನೊಣ ಕೂತಿತ್ತು. ಅವರು ಅದನ್ನು ಓಡಿಸದೆ ನನ್ನ ಬಾಯಿಯನ್ನೇ ನೋಡುತ್ತಿದ್ದರು.